ಹಳೇ ಟಿವಿ ಗೇಮಿನ ವಿಚಿತ್ರ ಸಾಮಾನು ಪ್ರೊಟೊಟೈಪೇ? ಗುರುತಿಸಿ ಬೆಲೆ ಕಟ್ಟುವ ಬಗೆ

“ಹಳೇ ಟಿವಿ ಗೇಮಿನ ಜೋಡಿ ಒಂದ್ ವಿಚಿತ್ರ ಸಾಮಾನ ಸಿಕ್ಕೈತ್ರಿ. ಮ್ಯಾಲ ಕಂಪನಿ ಹೆಸರಿಲ್ಲ, ಸ್ಟಿಕ್ಕರ್ ಮ್ಯಾಲ ಪೆನ್ನಿಲೆ ಏನೋ ಬರದೈತಿ. ಎಷ್ಟಕ್ಕ ಹೋಗತೈತಿ?” ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೆ ಒಂದೊಂದು ಸಲ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಕೇಳುವವರೆಲ್ಲರ ತಲೆಯಲ್ಲಿರುವುದು ಬೆಲೆ. ಆದರೆ ಅದು ಕೊನೆಯ ಪ್ರಶ್ನೆ. ಇಂಥ ಸಾಮಾನಿನ ಮೌಲ್ಯ ಅದರ ಮೇಲಿರುವ ಗೀಚು, ಸ್ಟಿಕ್ಕರ್, ಎಳೆದ ವೈರು, ಸುತ್ತಿದ ಕಾಗದದಲ್ಲಿರುತ್ತದೆ. ಮನೆಗೆ ತಂದ ಕೂಡಲೇ ನಾವು ಒರೆಸಿ ಹಾಕುವುದೂ ಅದನ್ನೇ.

ಪ್ರೊಟೊಟೈಪ್ ಅಂದರೆ ಕಾರ್ಖಾನೆಯಲ್ಲಿ ರಾಶಿಗಟ್ಟಲೆ ತಯಾರಿಸುವ ಮೊದಲು ಪರೀಕ್ಷೆಗೆಂದು ಮಾಡಿದ ಮಾದರಿ. ಅದರಲ್ಲೂ ಅಂತರವಿದೆ. ಅಂಗಡಿಗೆ ಬಾರದೇ ಹೋದ ಸಾಮಾನುಗಳಿಗೆ ಮೇಲಿನ ಸ್ಥಾನ: 1984ರಲ್ಲಿ ಅಟಾರಿ ಕಂಪನಿ ತೋರಿಸಿದ, ಹಣೆಯ ಸ್ನಾಯುಗಳ ಚಲನೆಯಿಂದ ಆಡಿಸುವ ಮೈಂಡ್‌ಲಿಂಕ್ ಪಟ್ಟಿ, 1993ರ ಪ್ರದರ್ಶನದಲ್ಲಿ ಕಾಣಿಸಿಕೊಂಡು ಮಾಯವಾದ ಸೆಗಾ ವಿಆರ್ ಶಿರಸ್ತ್ರಾಣ ಇಂಥವು. ಮುಂದೆ ಮಾರಾಟಕ್ಕೆ ಬಂದ ಸಾಮಾನಿನ ಮೊದಲ ಮಾದರಿಗಳದ್ದು ಎರಡನೇ ಸ್ಥಾನ. ಆಟ ತಯಾರಿಸುವ ಕಂಪನಿಗಳಿಗೆ ಕೊಡುತ್ತಿದ್ದ ಡೆವಲಪ್‌ಮೆಂಟ್ ಕಿಟ್‌ಗಳು ಬೇರೆಯೇ ಜಾತಿ. ಅವು ಅಪರೂಪ, ಆದರೆ ಒಂದೇ ಒಂದು ಅನ್ನುವಂಥವಲ್ಲ. ನಿಂಟೆಂಡೊ 64 ಎಂಬ ಟಿವಿ ಗೇಮ್ ಯಂತ್ರದ ಕೆಳಗೆ ಕೂರುವ, 1999ರ ಕೊನೆಗೆ ಜಪಾನಿನಲ್ಲಿ ಬಂದು ಸೋತ 64ಡಿಡಿ ಡ್ರೈವ್‌ನಂಥದ್ದು ಕಡಿಮೆ ಮಾರಾಟವಾದ ಸಾಮಾನು ಅಷ್ಟೇ. ಅದನ್ನು ಪ್ರೊಟೊಟೈಪ್ ಅಂತ ಕರೆದರೆ ತಿಳಿದ ಗಿರಾಕಿ ಅಲ್ಲೇ ಎದ್ದು ಹೋಗುತ್ತಾನೆ.

ಬೇಕಾಗುವ ಸಲಕರಣೆ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಅಕ್ಕಸಾಲಿಗರ ಲೂಪ್ (ಬೆಳಗಾವಿಯ ಶಹಾಪುರದ ಬಂಗಾರದ ಪೇಟೆಯಲ್ಲಿ ಕೇಳಿದರೆ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ), ಮಲ್ಟಿಮೀಟರ್, ಸ್ಕೇಲು, ಒಳ್ಳೆ ಬೆಳಕು, ಮೊಬೈಲ್ ಕ್ಯಾಮೆರಾ. ನಿಂಟೆಂಡೊ ಮತ್ತು ಸೆಗಾದ ಬಹಳಷ್ಟು ಸ್ಕ್ರೂಗಳು ಮಾಮೂಲಿಯವಲ್ಲ. ಆಟ ತುಂಬಿ ಯಂತ್ರಕ್ಕೆ ಸಿಕ್ಕಿಸುವ ಕಾರ್ಟ್ರಿಜ್‌ಗೆ 3.8 ಮಿ.ಮೀ., ಕನ್ಸೋಲಿಗೆ (ಆಟ ಆಡಿಸುವ ಯಂತ್ರಕ್ಕೆ) 4.5 ಮಿ.ಮೀ. ಸೆಕ್ಯುರಿಟಿ ಬಿಟ್ (ಸ್ಕ್ರೂ ತಿರುಗಿಸುವ ವಿಶೇಷ ತುದಿ) ಬೇಕು. ಬಿಸಿ ಮಾಡಿದ ಪೆನ್ನಿನ ಕೊಳವೆ ಒತ್ತಿ ತಿರುಗಿಸುವ ಯೂಟ್ಯೂಬ್ ಉಪಾಯ ಇಲ್ಲಿ ಬೇಡ. ಕರಗಿದ ಪ್ಲಾಸ್ಟಿಕ್ ಸ್ಕ್ರೂ ಗುಂಡಿಯಲ್ಲಿ ಉಳಿದರೆ “ಯಾರೋ ಬಿಚ್ಚಿ ಕೆಡಿಸಿದ್ದು” ಎಂಬ ಗುರುತು ಶಾಶ್ವತ.

1. ಒರೆಸುವ ಮೊದಲು ಫೋಟೊ

ಆರೂ ಮುಖ, ಪಕ್ಕದಲ್ಲಿ ಸ್ಕೇಲು. ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ಇನ್ನೊಂದು ಸುತ್ತು ತೆಗೆಯಿರಿ. ಮಾಸಿದ ಪೆನ್ಸಿಲ್ ಗೀಚು ಎದ್ದು ಕಾಣುವುದು ಆಗ. ಡಬ್ಬಿ, ಥರ್ಮಾಕೋಲ್, ಸುತ್ತಿದ ಪತ್ರಿಕೆ ಯಾವುದನ್ನೂ ರದ್ದಿಗೆ ಹಾಕಬೇಡಿ. ಸುತ್ತಿದ್ದು ಸಂಯುಕ್ತ ಕರ್ನಾಟಕವೋ ತರುಣ ಭಾರತವೋ ಆಗಿದ್ದರೆ ಅದರ ತಾರೀಖು ಕಾಣುವಂತೆ ಒಂದು ಫೋಟೊ ಬೇಕೇ ಬೇಕು. ಸಾಮಾನು ಯಾವ ಕಾಲಕ್ಕೆ ಈ ಊರಲ್ಲಿತ್ತು ಅನ್ನುವುದಕ್ಕೆ ಅದೊಂದು ಸಾಕ್ಷಿ.

ಸ್ಪಿರಿಟ್, ಸ್ಯಾನಿಟೈಸರ್, ಸೀಮೆಎಣ್ಣೆ ಯಾವುದೂ ಬೇಡ. ಹಳದಿ ತಿರುಗಿದ ಪ್ಲಾಸ್ಟಿಕ್ಕನ್ನು ಪೆರಾಕ್ಸೈಡ್ ಹಚ್ಚಿ ಬಿಳಿ ಮಾಡುವ ಹುಚ್ಚಂತೂ ಬೇಡವೇ ಬೇಡ. ಎರಡು ಭಾಗ ಎರಡು ರೀತಿ ಹಳದಿಯಾಗಿದ್ದರೆ ಅವು ಬೇರೆ ಬೇರೆ ಬ್ಯಾಚಿನ ಪ್ಲಾಸ್ಟಿಕ್ ಇರಬಹುದು, ಆ ಸುಳಿವೂ ಅಳಿಸಿಹೋಗುತ್ತದೆ.

2. ಯಾವ ಕನ್ಸೋಲಿನದು? ಪಿನ್ ಎಣಿಸಿ

ಹೊರಗಿನ ಆಕಾರ ನಂಬಬೇಡಿ, ಕನೆಕ್ಟರ್ ನೋಡಿ. ನಿಂಟೆಂಡೊ ಜಪಾನಿನಲ್ಲಿ ಮಾರಿದ ಫ್ಯಾಮಿಕಾಮ್ ಕಾರ್ಟ್ರಿಜ್‌ಗೆ 60 ಪಿನ್. ಅದೇ ಯಂತ್ರದ ಅಮೆರಿಕ-ಯುರೋಪ್ ರೂಪವಾದ ಎನ್‌ಇಎಸ್‌ಗೆ 72. ಸೆಗಾ ಮೆಗಾ ಡ್ರೈವ್‌ಗೆ 64. ಎರಡೂ ಬದಿಯ ಬಂಗಾರದ ಬಣ್ಣದ ಪಟ್ಟಿಗಳನ್ನು ಕೂಡಿಸಿ ಎಣಿಸಬೇಕು.

ಕಂಟ್ರೋಲರ್‌ನ 9 ಪಿನ್ ಪ್ಲಗ್ ಮಾತ್ರ ದಾರಿ ತಪ್ಪಿಸುತ್ತದೆ. ಅಟಾರಿ 2600ಕ್ಕೂ ಅದೇ, ಮೆಗಾ ಡ್ರೈವ್‌ಗೂ ಅದೇ, ನಮ್ಮ ಪೇಟೆಗೆ ಬಂದ ಎಷ್ಟೋ ನಕಲಿ ಯಂತ್ರಗಳಿಗೂ ಅದೇ.

3. ಮೊದಲು ನಕಲಿಯೇ ಅಂದುಕೊಂಡು ಹೊರಡಿ

ಕಹಿಯಾದರೂ ಇದನ್ನು ಹೇಳಲೇಬೇಕು. ಸೆಗಾ 1995ರಲ್ಲಿ ಶಾ ವಾಲೇಸ್ ಕಂಪನಿಯ ಮೂಲಕ ಮೆಗಾ ಡ್ರೈವ್ ಅನ್ನು ಭಾರತಕ್ಕೆ ತಂದಾಗ ಅದರ ಬೆಲೆ 18,000 ರೂಪಾಯಿ. ಆ ಕಾಲದ 18,000! ಹಾಗಾಗಿ ನಮ್ಮ ಓಣಿಗಳಿಗೆ ಬಂದದ್ದು ಬಹುತೇಕ ಫ್ಯಾಮಿಕಾಮ್‌ನ ಅಗ್ಗದ ನಕಲುಗಳು. ಗಣಪತಿ ಗಲ್ಲಿಯಲ್ಲೋ ವಿಜಯಪುರದ ಎಲ್‌ಬಿಎಸ್ ಮಾರ್ಕೆಟ್‌ನಲ್ಲೋ ಕೊಂಡ “ಸೆಗಾ” ಹೊರಗಿಂದ ಮೆಗಾ ಡ್ರೈವ್‌ನಂತೆ ಕಂಡರೂ ಒಳಗಿರುವುದು ಬೇರೆಯೇ. ಬಿಚ್ಚಿ ನೋಡಿದರೆ ಬೋರ್ಡಿನ ನಡುವೆ ಕಪ್ಪು ಡಾಂಬರು ತೊಟ್ಟಿಕ್ಕಿದಂಥ ಗುಂಡನೆಯ ಮುದ್ದೆ. ಚಿಪ್ಪನ್ನು ನೇರ ಬೋರ್ಡಿಗೆ ಅಂಟಿಸಿ ಮೇಲೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಸುರಿದಿರುತ್ತಾರೆ. ಅಗ್ಗದಲ್ಲಿ ಸಾವಿರಾರು ತುಂಡು ಮಾಡುವ ವಿಧಾನ ಅದು. ಪರೀಕ್ಷೆಗೆ ಮಾಡಿದ ಮಾದರಿಯಲ್ಲಿ ಚಿಪ್ ಬದಲಿಸಬೇಕಾಗುತ್ತದೆ, ಮುದ್ದೆ ಸುರಿದರೆ ಅದು ಸಾಧ್ಯವಿಲ್ಲ.

“ಗನ್ ಕೊಟ್ಟಾರ, ಆದ್ರ ಕೆಲಸಾ ಮಾಡವಲ್ದು, ಪೂರ್ತಿ ಆಗದ ಮಾದರಿ ಇರಬೇಕು” ಅನ್ನುವವರೂ ಇದ್ದಾರೆ. ಲೈಟ್ ಗನ್ ಕೆಲಸ ಮಾಡುವುದು ಹಳೇ ಡಬ್ಬಾ ಟಿವಿಯಲ್ಲಿ, ಪರದೆಯ ಮೇಲೆ ಗೆರೆಗೆರೆಯಾಗಿ ಮೂಡುವ ಬೆಳಕನ್ನು ಅದು ಹಿಡಿಯುತ್ತದೆ. ಎಲ್‌ಇಡಿ ಟಿವಿಗೆ ಗುರಿಯಿಟ್ಟರೆ ಅಸಲಿ ಗನ್ ಕೂಡ ಸುಮ್ಮನಿರುತ್ತದೆ.

ಕಪ್ಪು ಮುದ್ದೆ ಸಿಕ್ಕಿತೋ, ಇಲ್ಲಿಗೇ ನಿಲ್ಲಿಸಬಹುದು. ಮಕ್ಕಳಿಗೆ ಆಡಲು ಕೊಡಿ, ಅದಕ್ಕೂ ಒಂದು ಬೆಲೆಯಿದೆ.

4. ಕವಚ ಓದುವುದು

ಅಂಗಡಿಯ ಸಾಮಾನಿನ ಪ್ಲಾಸ್ಟಿಕ್ ಕವಚವನ್ನು ಉಕ್ಕಿನ ಅಚ್ಚಿನಲ್ಲಿ ಒತ್ತಿರುತ್ತಾರೆ. ಒಳಬದಿಯಲ್ಲಿ ಅಚ್ಚಿನಿಂದ ಹೊರದೂಡಿದ ಪಿನ್ನುಗಳ ದುಂಡನೆ ಗುರುತು, ಅಚ್ಚಿನ ನಂಬರು, ಎರಡು ಅಚ್ಚು ಕೂಡಿದ ಸಣ್ಣ ಗೆರೆ ಕಾಣುತ್ತದೆ. ಅಚ್ಚು ಮಾಡಿಸುವುದು ದುಬಾರಿ ಕೆಲಸ. ಆದ್ದರಿಂದ ಮೊದಲ ಮಾದರಿಗಳನ್ನು ಯಂತ್ರದಲ್ಲಿ ಕೊರೆದೋ, ಸಿಲಿಕೋನ್ ಅಚ್ಚಿನಲ್ಲಿ ಎರಕ ಹೊಯ್ದೋ ಮಾಡುತ್ತಿದ್ದರು. ಕೊರೆದದ್ದಾದರೆ ಒಳಮೂಲೆಗಳಲ್ಲಿ ಕಟರ್ ಓಡಿದ ಗೆರೆ, ಎರಕವಾದರೆ ಅಲ್ಲಲ್ಲಿ ಗಾಳಿಗುಳ್ಳೆ. ಎರಡು ಅರ್ಧಗಳ ನಡುವೆ ಸಂದು ಸಮನಾಗಿರುವುದಿಲ್ಲ, ಮೇಲೆ ಬಣ್ಣ ಸ್ಪ್ರೇ ಮಾಡಿರುತ್ತಾರೆ.

ಬೆಳಗಾವಿಯವರಿಗೆ ಇಲ್ಲೊಂದು ಅನುಕೂಲವಿದೆ. ಉದ್ಯಮಬಾಗದಲ್ಲಿ ಫೌಂಡ್ರಿ, ಮಶೀನ್ ಶಾಪುಗಳು ಸಾಲಾಗಿವೆ. ವಿಡಿಯೊ ಗೇಮ್ ಅಂದರೇನೆಂದು ಗೊತ್ತಿಲ್ಲದ, ಆದರೆ ಕಟರ್ ಹಿಡಿದೇ ಕೂದಲು ನರೆತ ಟೂಲ್‌ರೂಮ್ ಮೇಸ್ತ್ರಿಗೆ ಕವಚ ತೋರಿಸಿ, ಇದು ಅಚ್ಚಿನದೋ ಕೊರೆದದ್ದೋ ಅಂತ ಕೇಳಿ. ಇಂಟರ್‌ನೆಟ್ಟಿನಲ್ಲಿ ಫೋಟೊ ನೋಡಿ ಹೇಳುವ ಪಂಡಿತರಿಗಿಂತ ಅವರ ಮಾತನ್ನು ನಾನು ಹೆಚ್ಚು ನಂಬುತ್ತೇನೆ.

ನೂಲು ಸುತ್ತಿದಂತೆ ಸಾಲುಸಾಲು ಪದರ ಕಂಡರೆ ಅನುಮಾನಿಸಿ. ಅದು ಈಚಿನ ಅಗ್ಗದ 3ಡಿ ಪ್ರಿಂಟರ್‌ನ ಕೆಲಸ.

5. ಬೋರ್ಡು: ಅಸಲಿ ಕಥೆ ಇಲ್ಲಿದೆ

ಇಲ್ಲಿ ಆತುರ ಬೇಡ, ಒಂದು ಸಂಜೆ ಪೂರ್ತಿ ತೆಗೆದಿಡಿ. ಮುಟ್ಟುವ ಮೊದಲು ನೆಲಕ್ಕೆ ಅರ್ಥಿಂಗ್ ಆದ ಲೋಹವೊಂದನ್ನು ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನು ಇಳಿಸಿಕೊಳ್ಳಿ. ವಿಜಯಪುರದ ಒಣ ಚಳಿಗಾಲದಲ್ಲಿ ಉಲನ್ ಸ್ವೆಟರ್ ಹಾಕಿಕೊಂಡು ಚಿಪ್ ಮುಟ್ಟುವುದು ಅಪಾಯದ ಕೆಲಸ.

ಲೂಪ್ ಹಿಡಿದು ಚಿಪ್ಪುಗಳ ಬೆನ್ನ ಮೇಲಿನ ಅಂಕಿಗಳನ್ನು ಓದಿ. ನಾಲ್ಕು ಅಂಕಿಯ ಒಂದು ಗುಂಪು ಸಾಮಾನ್ಯವಾಗಿ ತಯಾರಿಕೆಯ ವರ್ಷ ಮತ್ತು ವಾರ: 9312 ಅಂದರೆ 1993ರ 12ನೇ ವಾರ. ಬೋರ್ಡಿನ ಮೇಲಿರುವ ಎಲ್ಲ ಚಿಪ್ಪುಗಳ ಕೋಡ್ ಬರೆದುಕೊಳ್ಳಿ. ಅವುಗಳಲ್ಲಿ ತೀರಾ ಈಚಿನದು ಯಾವುದೋ ಅದಕ್ಕಿಂತ ಮೊದಲು ಆ ಬೋರ್ಡು ಜೋಡಣೆಯಾಗಿರಲು ಸಾಧ್ಯವಿಲ್ಲ. “1991ರ ಮಾದರಿ” ಎಂದು ಮಾರುವವನ ಬೋರ್ಡಿನಲ್ಲಿ 9440 ಕಂಡರೆ ಮಾತು ಮುಗಿಯಿತು. ಆದರೆ ತಿರುಗಿಸಿ ವಾದಿಸಬೇಡಿ. ಹಳೇ ಚಿಪ್ಪು ಗುಜರಿಯಲ್ಲಿ ಈಗಲೂ ಸಿಗುತ್ತದೆ, ಅದನ್ನು ಹೊಸ ಬೋರ್ಡಿಗೆ ಕೂರಿಸುವುದು ಕಷ್ಟವಲ್ಲ. ತಾರೀಖು ಸುಳ್ಳನ್ನು ಹಿಡಿದುಕೊಡುತ್ತದೆಯೇ ಹೊರತು ನಿಜವನ್ನು ಸಾಬೀತು ಮಾಡುವುದಿಲ್ಲ.

ಬೆಸುಗೆ ನೋಡಿ. ಸೀಸವಿರುವ ಹಳೇ ಬೆಸುಗೆ ನುಣುಪಾಗಿ ಹೊಳೆಯುತ್ತದೆ, ಸೀಸವಿಲ್ಲದ್ದು ಮಬ್ಬಾಗಿ, ಕಾಳುಕಾಳಾಗಿ ಕಾಣುವುದು ಹೆಚ್ಚು. ಬೋರ್ಡಿನ ಮೇಲೆ ಆರ್‌ಒಎಚ್‌ಎಸ್ ಎಂಬ ಗುರುತಿದ್ದರೆ 90ರ ದಶಕದ ಕಥೆಯನ್ನು ಬಿಟ್ಟುಬಿಡಿ. ಸೀಸ ಮುಂತಾದ ವಿಷವಸ್ತುಗಳನ್ನು ನಿರ್ಬಂಧಿಸಿದ ಆ ಯುರೋಪಿನ ನಿಯಮ ಜಾರಿಯಾದದ್ದು 2006ರ ಜುಲೈನಲ್ಲಿ.

ಇನ್ನು ಬೋಡ್ಜ್ ವೈರ್. ಬೋರ್ಡು ಮುದ್ರಿಸಿದ ಮೇಲೆ ತಪ್ಪು ಗೊತ್ತಾದಾಗ ಇಂಜಿನಿಯರ್ ಒಂದು ತಾಮ್ರದ ಪಥವನ್ನು ಬ್ಲೇಡಿನಿಂದ ಕತ್ತರಿಸಿ, ತೆಳ್ಳನೆಯ ವೈರಿನಿಂದ ಬೇರೆ ಕಡೆಗೆ ಸಂಪರ್ಕ ಕೊಟ್ಟಿರುತ್ತಾನೆ. ನಿಜವಾದ ಮಾದರಿಯಲ್ಲಿ ಈ ವೈರಿಗೆ ಅರ್ಥವಿರುತ್ತದೆ: ಒಂದು ತುದಿ ಕತ್ತರಿಸಿದ ಪಥದ ಒಂದು ಬದಿಗೋ ಚಿಪ್ಪಿನ ಕಾಲಿಗೋ ಹೋಗಿ ಕೂರುತ್ತದೆ, ನಡುವೆ ಅಲ್ಲಲ್ಲಿ ಅಂಟಿನ ಚುಕ್ಕೆ ಇಟ್ಟು ಮಲಗಿಸಿರುತ್ತಾರೆ. ಮೋಸಕ್ಕೆ ಹಾಕಿದ ವೈರು ಎರಡೂ ತುದಿಯಲ್ಲಿ ಮೊದಲೇ ಕೂಡಿರುವ ಜಾಗಕ್ಕೇ ಹೋಗಿರುತ್ತದೆ. ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕಿಟ್ಟು, ಕರೆಂಟ್ ಕೊಡದೆ, ವೈರು ಕೂಡಿಸುವ ಎರಡು ಜಾಗಗಳಿಗೆ ಬೇರೆ ಪಥವಿದೆಯೇ ಅಂತ ಹಿಂಬಾಲಿಸಿ. ಅದೇ ಟಿವಿ ರಿಪೇರಿಯವರು ಕರಕಲಾದ ಪಥಕ್ಕೆ ಹಾಕುವ ವೈರೂ ಇದೆ, ಅದನ್ನು ಬೋಡ್ಜ್ ಅಂದುಕೊಳ್ಳಬೇಡಿ. ಸುತ್ತ ಸುಟ್ಟ ಕಲೆ, ಬೆಸುಗೆಗೆ ಹಚ್ಚುವ ಅಂಟಂಟು ಫ್ಲಕ್ಸ್ ಇದ್ದರೆ ಅದು ರಿಪೇರಿ.

ಅಮೆರಿಕದ ಸಾಮಾನಾದರೆ ಎಫ್‌ಸಿಸಿ ನಂಬರು ಹುಡುಕಿ. ರೇಡಿಯೊ ತರಂಗ ಸೂಸುವ ಸಾಮಾನಿಗೆ ಅಲ್ಲಿನ ಸರ್ಕಾರದ ಸಂಸ್ಥೆ ಕೊಡುವ ಒಪ್ಪಿಗೆ ಅದು. ಮಂಜೂರಾಗುವ ಮೊದಲಿನ ಮಾದರಿಯಲ್ಲಿ ನಂಬರೇ ಇರುವುದಿಲ್ಲ, ಇಲ್ಲವೇ “ಇನ್ನೂ ಒಪ್ಪಿಗೆ ಪಡೆದಿಲ್ಲ, ಮಾರಾಟಕ್ಕಲ್ಲ” ಎಂಬ ಅರ್ಥದ ಚೀಟಿ ಇರುತ್ತದೆ. ನಕಲಿಗಳಲ್ಲೂ ನಂಬರಿರುವುದಿಲ್ಲ ಅನ್ನುವುದು ನೆನಪಿರಲಿ.

6. ಕಿಟಕಿ ಇರುವ ಚಿಪ್

ಚಿಪ್ಪಿನ ನಡುವೆ ದುಂಡನೆಯ ಗಾಜಿನ ಕಿಟಕಿ, ಒಳಗೆ ಚುಕ್ಕಿಯಂಥ ಸಿಲಿಕಾನ್ ತುಂಡು ಕಂಡರೆ ಅದು ಇಪ್ರಾಮ್. ನೇರಳಾತೀತ ಬೆಳಕಿನಿಂದ ಅಳಿಸಿ ಮತ್ತೆ ಬರೆಯಬಹುದಾದ ನೆನಪು. ಅಂಗಡಿಯ ಆಟದಲ್ಲಿ ಬದಲಿಸಲಾಗದ ಮಾಸ್ಕ್ ರೋಮ್ (ROM) ಹಾಕುತ್ತಾರೆ. ದಿನಕ್ಕೊಂದು ಬದಲಾವಣೆ ಮಾಡುವ ಪ್ರಯೋಗಾಲಯದಲ್ಲಿ ಇಪ್ರಾಮ್ ಬಳಸುತ್ತಾರೆ. 27ಸಿ256 ಅಂದರೆ 256 ಕಿಲೋಬಿಟ್, ಅಂದರೆ 32 ಕಿಲೋಬೈಟ್ ಹಿಡಿಯುವ ಚಿಪ್.

ಕಿಟಕಿಯ ಮೇಲಿನ ಸ್ಟಿಕ್ಕರ್ ಕೀಳಬೇಡಿ! ಅದರಲ್ಲಿ ಆವೃತ್ತಿ, ತಾರೀಖು, ಯಾರದೋ ಕೈಬರಹ ಇರಬಹುದು. ಅದಕ್ಕಿಂತ ಮುಖ್ಯವಾಗಿ, ಕಿಟಕಿ ತೆರೆದ ಚಿಪ್ಪನ್ನು ನೇರ ಬಿಸಿಲಿಗೆ ಇಟ್ಟರೆ ಒಂದು ವಾರದ ಆಸುಪಾಸಿನಲ್ಲಿ ಒಳಗಿನದೆಲ್ಲ ಅಳಿಸಿಹೋಗಬಹುದು. ಸ್ಟಿಕ್ಕರ್ ಬಿದ್ದುಹೋಗಿದ್ದರೆ ಬೆಳಕು ತೂರದ ಕಪ್ಪು ಟೇಪು ಮುಚ್ಚಿ. “ಸ್ವಲ್ಪ ಬಿಸಲಿಗೆ ಇಟ್ರ ಹಸಿ ಆರತೈತಿ” ಅಂತ ಅಂಗಳದಲ್ಲಿ ಹರವುವ ಮಂದಿಗೆ ಮನೆಯಲ್ಲಿ ಮೊದಲೇ ಹೇಳಿಟ್ಟಿರಿ.

ಒಳಗಿನ ಕೋಡ್ ಓದಿಸಿ ಕಾಪಿ ಮಾಡಿಡುವುದಕ್ಕೆ ಡಂಪ್ ಅನ್ನುತ್ತಾರೆ. ಇಪ್ರಾಮ್‌ಗೂ ಆಯುಷ್ಯವಿದೆ, ಮೂವತ್ತು ವರ್ಷದ ಚಿಪ್ಪು ಯಾವಾಗ ಬೇಕಾದರೂ ಮರೆಯಬಹುದು, ಆದ್ದರಿಂದ ಇದನ್ನು ಮುಂದೂಡಬೇಡಿ. ಟಿಎಲ್866ರಂಥ ಪ್ರೋಗ್ರಾಮರ್ (ಚಿಪ್ ಓದುವ, ಬರೆಯುವ ಉಪಕರಣ) ಸಾಕು. ಇಲ್ಲದಿದ್ದರೆ ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು, ಬೆಳಗಾವಿಯ ಗೋಗಟೆ, ವಿಜಯಪುರದ ಬಿಎಲ್‌ಡಿಇ ಹೀಗೆ ನಿಮ್ಮೂರಿನ ಕಾಲೇಜಿನ ಇಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಇಂಥದ್ದು ಉಂಟೇ ಎಂದು ವಿಚಾರಿಸಿ. ಚಿಪ್ ನಂಬರು ಸರಿಯಾಗಿ ಆರಿಸಿ ಬರೀ “ರೀಡ್” ಒತ್ತಿಸಿ. ಒಂದಕ್ಕಿಂತ ಹೆಚ್ಚು ಸಲ ಓದಿಸಿ, ಪ್ರತಿ ಸಲವೂ ಚೆಕ್‌ಸಮ್ (ಓದಿದ್ದೆಲ್ಲವನ್ನೂ ಲೆಕ್ಕ ಹಾಕಿ ತೆಗೆದ ತಾಳೆ ಸಂಖ್ಯೆ) ಒಂದೇ ಬರಬೇಕು. ಅಂಥ ಲ್ಯಾಬುಗಳಲ್ಲಿ ಪಕ್ಕದಲ್ಲೇ ಇಪ್ರಾಮ್ ಅಳಿಸುವ ಪೆಟ್ಟಿಗೆಯೂ ಇರುತ್ತದೆ, ಚಿಪ್ಪನ್ನು ನಿಮ್ಮ ಕಣ್ಣಳತೆ ದಾಟಲು ಬಿಡಬೇಡಿ. ಓದಿದ ಕೋಡು ಅಂಗಡಿಯ ಆಟಕ್ಕೆ ಬೈಟ್ ಬೈಟಿಗೂ ಹೊಂದಿದರೆ ಅದು ಯಾರೋ ಮನೆಯಲ್ಲಿ ಮಾಡಿಕೊಂಡ ಕಾಪಿ ಇರುವ ಸಂಭವ ಹೆಚ್ಚು.

ಜೊತೆಗಿದ್ದ ಕಾರ್ಟ್ರಿಜ್ ಬೇರೆ ಮಾಡಬೇಡಿ. ನಿಂಟೆಂಡೊದ ಕೈಯಲ್ಲಿ ಹಿಡಿದಾಡುವ ಯಂತ್ರ ಗೇಮ್‌ಬಾಯ್‌ಗೆಂದು 1992ರಲ್ಲಿ ಘೋಷಿಸಿ, ಮಾರಾಟಕ್ಕೇ ಬಾರದ ವರ್ಕ್‌ಬಾಯ್ ಎಂಬ ಕೀಬೋರ್ಡಿನ ಮಾದರಿ 2020ರಲ್ಲಿ ಬೆಳಕಿಗೆ ಬಂತು. ಅದರ ಸಾಫ್ಟ್‌ವೇರ್ ಇದ್ದದ್ದು ಬೇರೆ ಕಾರ್ಟ್ರಿಜ್‌ನಲ್ಲಿ, ಅದಿಲ್ಲದೆ ಕೀಬೋರ್ಡು ಬರೀ ಗುಂಡಿಗಳ ಹಲಗೆ.

7. ಕರೆಂಟ್ ಕೊಡುವ ಆಸೆ ತಡೆದುಕೊಳ್ಳಿ

ಜಪಾನಿನ ಅಡಾಪ್ಟರ್ 100 ವೋಲ್ಟಿನದು, ಅಮೆರಿಕದ್ದು 120. ನಮ್ಮ ಗೋಡೆಯಲ್ಲಿರುವುದು 230. ಬರೀ ಪಿನ್ ಬದಲಿಸುವ ಅಗ್ಗದ ಪ್ಲಗ್ ಹಾಕಿ ಚುಚ್ಚಿದರೆ ಹೊಗೆ ಗ್ಯಾರಂಟಿ. ಅಮೆರಿಕದ ಎನ್‌ಇಎಸ್ ಅಡಾಪ್ಟರ್ 9 ವೋಲ್ಟ್ ಎಸಿ ಕೊಡುತ್ತದೆ, ಡಿಸಿ ಬೇಡುವ ಯಂತ್ರಕ್ಕೆ ಅದನ್ನು ಸಿಕ್ಕಿಸಿದರೂ ಅದೇ ಗತಿ. ಮೆಗಾ ಡ್ರೈವ್‌ನ ಅಂಗಡಿಗೆ ಬಂದ ಮೊದಲ ಆವೃತ್ತಿಯಲ್ಲಿ ಪ್ಲಗ್ಗಿನ ನಡುಭಾಗ ಮೈನಸ್, ಎರಡನೆಯದರಲ್ಲಿ ಪ್ಲಸ್. ಮಾದರಿ ಸಾಮಾನಿನ ಮೇಲೆ ಇದ್ಯಾವುದನ್ನೂ ಬರೆದಿರುವುದಿಲ್ಲ. ಕೆಪಾಸಿಟರ್ ಬುಡದಲ್ಲಿ ಕಂದು ಜಿಗುಟು, ಮೀನಿನಂಥ ವಾಸನೆ ಇದ್ದರೆ ಅದು ಸೋರಿದೆ, ಮೊದಲು ಬಲ್ಲವರಿಂದ ಬದಲಿಸಬೇಕು. ಎಂಥ ಕರೆಂಟ್ ಕೊಡಬೇಕೆಂದು ಗೊತ್ತಿಲ್ಲದಿದ್ದರೆ “ಪರೀಕ್ಷಿಸಿಲ್ಲ” ಅಂತಲೇ ಮಾರಿ. ಸುಟ್ಟದ್ದಕ್ಕಿಂತ ಪರೀಕ್ಷಿಸದ್ದಕ್ಕೆ ಹೆಚ್ಚು ಬೆಲೆ.

8. ಯಾರ ಕೈಯಿಂದ ಯಾರ ಕೈಗೆ

ಸಾಮಾನು ಹುಟ್ಟಿದಲ್ಲಿಂದ ನಿಮ್ಮವರೆಗೆ ಬಂದ ದಾರಿಗೆ ಪ್ರಾವೆನೆನ್ಸ್ ಎನ್ನುತ್ತಾರೆ. ಚಿಪ್ಪಿಗಿಂತ ಇದೇ ತೂಕದ್ದು. ಕಾಕಾ ಕ್ಯಾಲಿಫೋರ್ನಿಯಾದಲ್ಲಿ ಯಾವ ಕಂಪನಿಯಲ್ಲಿದ್ದರು, ಯಾವ ವರ್ಷ, ಆ ಡಬ್ಬಿ ಯಾವಾಗ ತಂದರು, ಬಾಗಲಕೋಟೆಯ ಹಳೇ ಊರು ಹಿನ್ನೀರಿಗೆ ಹೋಗಿ ನವನಗರಕ್ಕೆ ಮನೆ ಬದಲಿಸುವಾಗ ಅದು ಯಾರ ಹತ್ತಿರ ಉಳಿಯಿತು, ಎಲ್ಲ ಬರೆಸಿಕೊಳ್ಳಿ. ಹಿರಿಯರಿಂದ ಸಹಿ, ತಾರೀಖು ಹಾಕಿಸಿ. ಹಳೇ ಪಾಸ್‌ಪೋರ್ಟ್, ನೌಕರಿ ಪತ್ರ, ಆಫೀಸಿನ ಫೋಟೊ ಇದ್ದರೆ ಕಾಪಿ ಇಡಿ. ಗುಜರಿ ಅಂಗಡಿಯಿಂದ ಕೊಂಡಿದ್ದರೆ ಅದನ್ನೇ ಬರೆಯಿರಿ, ಚಂದದ ಕಥೆ ಕಟ್ಟಬೇಡಿ. ಕಟ್ಟಿದ ಕಥೆಯ ಒಂದು ಎಳೆ ಬಿಚ್ಚಿದರೂ ಅಸಲಿ ಸಾಮಾನೇ ಅನುಮಾನಕ್ಕೆ ಬೀಳುತ್ತದೆ.

ಸಿಡಿ ಡ್ರೈವ್ ಇರುವ ಸೂಪರ್ ನಿಂಟೆಂಡೊಗಾಗಿ ಸೋನಿ ಮಾಡಿದ್ದ, “ನಿಂಟೆಂಡೊ ಪ್ಲೇಸ್ಟೇಷನ್” ಎಂದೇ ಹೆಸರಾದ ಮಾದರಿಯೊಂದು ಅಮೆರಿಕದಲ್ಲಿ ದಿವಾಳಿಯಾದ ಹಣಕಾಸು ಕಂಪನಿಯ ಸಾಮಾನು ಹರಾಜಿನಲ್ಲಿ 75 ಡಾಲರಿನ ಲಾಟ್ ಒಳಗೆ ಸಿಕ್ಕಿತ್ತು. ಸೋನಿಯ ಗೇಮ್ ವಿಭಾಗದ ಮಾಜಿ ಮುಖ್ಯಸ್ಥರೊಬ್ಬರು ಮುಂದೆ ಆ ಹಣಕಾಸು ಕಂಪನಿಯಲ್ಲಿದ್ದರು. ಕಥೆಗೆ ಕಾಲು ಬಂದದ್ದು ಆ ಕೊಂಡಿಯಿಂದ.

ಒಂದು ಎಚ್ಚರಿಕೆ: ಮಾದರಿಗಳು ಮೂಲತಃ ಕಂಪನಿಯ ಸ್ವತ್ತು. ಮೇಲೆ “ಮರಳಿಸಬೇಕು” ಎಂಬರ್ಥದ ಚೀಟಿಯಿದ್ದರೆ ಮಾರುವ ಮೊದಲು ವಕೀಲರನ್ನು ಕೇಳಿ.

9. ಈಗ ಬೆಲೆ

ಅದೇ ನಿಂಟೆಂಡೊ ಪ್ಲೇಸ್ಟೇಷನ್ 2020ರ ಮಾರ್ಚ್‌ನಲ್ಲಿ ಹೆರಿಟೇಜ್ ಎಂಬ ಅಮೆರಿಕದ ಸಂಸ್ಥೆಯ ಹರಾಜಿನಲ್ಲಿ 3,60,000 ಡಾಲರಿಗೆ ಹೋಯಿತು. ಎಲ್ಲರಿಗೂ ಈ ಅಂಕಿ ಬಾಯಿಪಾಠ. ಆದರೆ ಕೂಗಿದ ಬೆಲೆ 3,00,000, ಉಳಿದ 60,000 ಕೊಂಡವನು ಹರಾಜು ಸಂಸ್ಥೆಗೆ ಮೇಲೆ ಕೊಟ್ಟ ಕಮಿಷನ್. ಅದಕ್ಕೂ ಮುಂಚೆ 12 ಲಕ್ಷ ಡಾಲರಿನ ಬೇಡಿಕೆಯನ್ನು ನಿರಾಕರಿಸಿದ್ದಾಗಿ ಮಾಲೀಕರು ಹೇಳಿದ್ದರು. ಬಾಯಿಮಾತಿನ ಬೆಲೆ, ಕೂಗಿನ ಬೆಲೆ, ಕೊಂಡವನು ತೆತ್ತ ಬೆಲೆ, ಮಾರಿದವನ ಕೈಗೆ ಸೇರಿದ ಬೆಲೆ ಬೇರೆ ಬೇರೆ.

ನೀವು ಮಾಡಬೇಕಾದದ್ದು: ಇಬೇ ಎಂಬ ಮಾರಾಟದ ಜಾಲತಾಣದಲ್ಲಿ “ಮಾರಾಟವಾದವು” ಎಂಬ ಫಿಲ್ಟರ್ ಹಾಕಿ ಅದೇ ಕನ್ಸೋಲಿನ, ಅದೇ ದರ್ಜೆಯ ಮಾದರಿಗಳನ್ನು ನೋಡಿ. ಇನ್ನೂ ಮಾರಾಟಕ್ಕಿರುವುದರ ಮೇಲೆ ಬರೆದ ಬೆಲೆ ಮಾಲೀಕನ ಕನಸು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದೇ ಸಾಮಾನು ಸಿಗದಿದ್ದರೆ ಹತ್ತಿರದ್ದನ್ನು ಹಿಡಿದು ಕೂಡಿಸಿ ಕಳೆಯಿರಿ: ಅಂಗಡಿಗೇ ಬಾರದ್ದಾದರೆ ಮೇಲೆ, ಬಂದದ್ದರ ಮೊದಲ ಮಾದರಿಯಾದರೆ ಕೆಳಗೆ. ಸಾಫ್ಟ್‌ವೇರ್ ಜೊತೆಗಿದ್ದರೆ ಮೇಲೆ. ಬಲ್ಲವರು ಚಾಲೂ ಮಾಡಿ ವಿಡಿಯೊ ತೆಗೆದಿದ್ದರೆ ಮೇಲೆ. ಹೆಸರು ಕೇಳಿದ ಕಂಪನಿಯದಾದರೆ ಮೇಲೆ, ಯಾರಿಗೂ ನೆನಪಿಲ್ಲದ ಹೊರಗಿನ ಕಂಪನಿಯದಾದರೆ ಎಷ್ಟು ಅಪರೂಪವಾದರೂ ಕೊಳ್ಳುವವರು ಬೆರಳೆಣಿಕೆ. ಅಪರೂಪ ಅನ್ನುವುದೊಂದೇ ಬೆಲೆ ತರುವುದಿಲ್ಲ, ಬೇಕು ಅನ್ನುವ ಇಬ್ಬರಾದರೂ ಎದುರುಬದುರು ಕೂತಿರಬೇಕು. ಸೀಲ್ ಒಡೆಯದ ಮಾರಿಯೊ ಆಟಗಳು 2021ರಲ್ಲಿ ಕೋಟಿಗಟ್ಟಲೆ ತಂದವು ಅನ್ನುವ ಸುದ್ದಿಯನ್ನು ಇಲ್ಲಿಗೆ ಎಳೆಯಬೇಡಿ, ಅದು ಬೇರೆಯೇ ಸಂತೆ.

ಇದು ಪುರಾತನ ವಸ್ತು ಕಾಯ್ದೆಗೆ ಬರುತ್ತದೆಯೇ ಅಂತಲೂ ಕೇಳುತ್ತಾರೆ. 1972ರ ಆ ಕಾಯ್ದೆ ಇಂಥ ವಸ್ತುಗಳಿಗೆ ನೂರು ವರ್ಷದ ಲೆಕ್ಕ ಹಿಡಿಯುತ್ತದೆ. ಟಿವಿ ಗೇಮಿಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ.

10. ಮಾರುವುದು, ಇಡುವುದು

ಇಲ್ಲಿಯೇ ಮಾರಲು ಹಾಕಿದರೆ ಮೊದಲು ಬರುವವನು ಮೋಸಗಾರ. “ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ” ಅಂದರೆ ಫೋನ್ ಇಡಿ. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಬೋರ್ಡಿನ ಪೂರ್ತಿ ಸ್ಪಷ್ಟ ಫೋಟೊಗಳನ್ನೂ ಡಂಪ್ ಫೈಲನ್ನೂ ಕೇಳಿದವರಿಗೆಲ್ಲ ಹಂಚಬೇಡಿ. ಕೋಡು ಊರೆಲ್ಲ ಹರಡಿದ ಮೇಲೆ ಕೆಲವು ಗಿರಾಕಿಗಳಿಗೆ ಆಸಕ್ತಿ ಇಳಿಯುತ್ತದೆ, ನಕಲು ಮಾಡುವವರಿಗೆ ಬೋರ್ಡಿನ ನಕ್ಷೆಯೂ ಸಿಕ್ಕಂತಾಗುತ್ತದೆ. ವಿದೇಶಕ್ಕೆ ಕಳಿಸುವುದಾದರೆ ಕಸ್ಟಮ್ಸ್ ಫಾರ್ಮಿನಲ್ಲಿ ನಿಜವಾದ ಬೆಲೆ ಬರೆಯಿರಿ. ಕಡಿಮೆ ತೋರಿಸಿ ಪಾರ್ಸಲ್ ಕಳೆದರೆ ವಿಮೆಯೂ ಅಷ್ಟೇ ಬರುತ್ತದೆ. ಒಳಗೆ ಲಿಥಿಯಂ ಬಿಲ್ಲೆ ಬ್ಯಾಟರಿ ಇದ್ದರೆ ಕೊರಿಯರ್‌ನವರಿಗೆ ಮೊದಲೇ ತಿಳಿಸಬೇಕು. ತೆಗೆದರೆ ಉಳಿಸಿಟ್ಟ ಡೇಟಾ ಹೋಗುತ್ತದೆ, ಹಾಗಾಗಿ ಕಾಪಿ ಮಾಡಿಕೊಳ್ಳದೆ ತೆಗೆಯಬೇಡಿ.

ಅಲ್ಲಿಯವರೆಗೆ ಆಂಟಿಸ್ಟ್ಯಾಟಿಕ್ ಚೀಲದಲ್ಲಿಟ್ಟು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಚಿಪ್ಪು, ಬೋರ್ಡಿಗೆ ಮಾಮೂಲಿ ಪ್ಲಾಸ್ಟಿಕ್ ಹಾಳೆ ಸುತ್ತಬೇಡಿ, ಸ್ಥಾಯಿ ವಿದ್ಯುತ್ತು ಅದರಲ್ಲೇ ಹುಟ್ಟುತ್ತದೆ. ವಿಜಯಪುರದವರಿಗೆ ಧೂಳಿನ ಚಿಂತೆ ಸಾಕು. ಬೆಳಗಾವಿಯವರು ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಾಗ ಡಬ್ಬಿ ತೆಗೆದು ಜೆಲ್ ಬಣ್ಣ ನೋಡಬೇಕು. ನೀಲಿ ಹೋಗಿ ಗುಲಾಬಿ ತಿರುಗಿದ್ದರೆ ಬದಲಿಸಿ.